ಸೋಲಲಿಕ್ಕೂ ಒಂದು ಜಾಗ ಬೇಕು

ಬಳಗದ ಸಂಪಾದಕರು ನನ್ನ ಬೆನ್ನುಹತ್ತಿ ಮೂರು ವಾರವಾಯಿತು. "ಕಾಮರ್ಸಿನವರು ಯಾರೂ ಬರೆಯೋದಿಲ್ಲ, ನೀನಾದರೂ ಏನಾದರೂ ಕೊಡು" ಎಂದು ಕ್ಯಾಂಟೀನಿನಲ್ಲಿ, ಗೇಟಿನಲ್ಲಿ, ಬಸ್ ಸ್ಟಾಪಿನಲ್ಲಿ ಹಿಡಿದು ಕೇಳಿದ್ದಾರೆ. ಕವನ ನನಗೆ ಬಾರದು. ಕತೆ ಶುರುಮಾಡಿದರೆ ನಡುವೆಯೇ ನಿಂತುಹೋಗುತ್ತದೆ. ಜಮಾ-ಖರ್ಚಿನ ಬಗ್ಗೆ ಬರೆದರೆ ನೀವು ಓದುವುದಿಲ್ಲ. ಹೀಗಾಗಿ ಸೋಲಿನ ಬಗ್ಗೆ ಬರೆಯುತ್ತಿದ್ದೇನೆ. ಆ ವಿಷಯದಲ್ಲಿ ನನಗೆ ಸ್ವಂತ ಅನುಭವ ಸಾಕಷ್ಟಿದೆ.

ಬರೆಯಲು ತಕ್ಷಣದ ಕಾರಣವೂ ಒಂದಿದೆ. ಹೋದ ತಿಂಗಳು ನಮ್ಮ ಕ್ರೀಡಾ ಕ್ಲಬ್ಬಿನ ಫಲಕದ ಮೇಲೆ ಒಂದು ನೋಟೀಸು ಬಿದ್ದಿದೆ: ಮುಂದಿನ ಸೆಮಿಸ್ಟರಿನಿಂದ ಜೂಡೋ ಚಾಪೆಗಳು ಅಂತರ-ಕಾಲೇಜು ಸ್ಪರ್ಧೆಗೆ ಆಯ್ಕೆಯಾದವರಿಗೆ ಮಾತ್ರ. ಚಾಪೆ ಕಡಿಮೆ, ಹೊತ್ತು ಕಡಿಮೆ, ಪದಕ ತರುವವರಿಗೆ ತೊಂದರೆಯಾಗುತ್ತಿದೆ ಎಂಬುದು ಅವರು ಕೊಟ್ಟ ಕಾರಣ. ನಾನು ಒಂದೂವರೆ ವರ್ಷ ಕಲಿತರೂ ಆಯ್ಕೆಯಾಗಿಲ್ಲ. ಆಗುವ ಲಕ್ಷಣವೂ ಇಲ್ಲ. ಅಂದರೆ ನನ್ನಂಥವರು ಇನ್ನು ಹೊರಗೆ. ಇದು ತಪ್ಪು ಅಂತ ನನ್ನ ಅಭಿಪ್ರಾಯ. ಯಾಕೆ ತಪ್ಪು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹುಡುಗ. ಜಿಲ್ಲೆ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಿದವನು. ಡಿಗ್ರಿಗೆಂದು ನಿಗಡಿಗೆ ಕಾಕಾನ ಮನೆಗೆ ಬಂದೆ. ಕಾಕಾ ತಳವಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಾನೆ. ಯಮುನಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಸಂಜೆ ಭಕ್ತಿ-ಶಕ್ತಿ ಚೌಕದ ಕಡೆ ಹೋದರೆ, ಶಿವಾಜಿ-ತುಕಾರಾಮರ ಪ್ರತಿಮೆಯ ಆಸುಪಾಸಿನಲ್ಲಿ ವಿಜಯಪುರದ ಕನ್ನಡ, ಕಲಬುರ್ಗಿಯ ಕನ್ನಡ, ಅಕ್ಕಲಕೋಟೆಯ ಕನ್ನಡ ಕಿವಿಗೆ ಬೀಳುತ್ತದೆ. ಗಾರೆ ಕೆಲಸ ಮುಗಿಸಿ ಬಂದವರ ಮಾತು ಅದು. ಬೆಳಿಗ್ಗೆ ಕಾಲೇಜಿಗೆ ಹೋದರೆ ಕ್ಲಾಸಿನೊಳಗೆ ಇಂಗ್ಲಿಷು, ಹೊರಗೆ ಮರಾಠಿ. ನನ್ನ ಕನ್ನಡ ಟಿಫಿನ್ ಡಬ್ಬಿಯ ಹಾಗೆ ಚೀಲದೊಳಗೇ ಇರುತ್ತಿತ್ತು.

ಜಮಾ, ಖರ್ಚು, ಉದ್ರಿ ಎಲ್ಲ ನನಗೆ ಹೊಸವಲ್ಲ. ಊರಿನ ಕಿರಾಣಿ ಅಂಗಡಿಯ ವಹಿ ಬರೆದುಕೊಟ್ಟವನು ನಾನು. ಆದರೆ ಅದನ್ನೇ ಇಂಗ್ಲಿಷಿನಲ್ಲಿ ಗಡಗಡ ಹೇಳಿ ಬೋರ್ಡ್ ಒರೆಸಿಬಿಟ್ಟರೆ ನನ್ನ ಪೆನ್ನು ನಿಂತುಬಿಡುತ್ತಿತ್ತು. ಡೆಪ್ರಿಸಿಯೇಷನ್ ಎಂದರೆ ಸವಕಳಿ, ಕಾಕಾನ ಲೇತ್ ವರ್ಷವರ್ಷ ಸವೆಯುತ್ತದಲ್ಲ ಅದೇ, ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. "ಎನಿ ಡೌಟ್ಸ್?" ಎಂದಾಗ ಎಲ್ಲರ ಜೊತೆ ನಾನೂ ತಲೆ ಅಲ್ಲಾಡಿಸುತ್ತಿದ್ದೆ. ಮೊದಲ ವರ್ಷದ ಕೊನೆಗೆ ಎರಡು ಪೇಪರು ಉಳಿದವು. ಇದಕ್ಕೆ ಎ.ಟಿ.ಕೆ.ಟಿ. ಎಂಬ ಮರ್ಯಾದೆಯ ಹೆಸರಿದೆ. ಊರಿಗೆ ಫೋನ್ ಮಾಡಿ "ಪಾಸಾದೆ" ಎಂದು ಸುಳ್ಳು ಹೇಳಿದೆ.

ಅದೇ ದಿನಗಳಲ್ಲಿ ನಾನು ಜೂಡೋ ಕ್ಲಬ್ಬಿಗೆ ಸೇರಿದ್ದು. ನಮ್ಮಜ್ಜ ಪೈಲ್ವಾನ. ಜತ್ತಿನ ಯಲ್ಲಮ್ಮನ ಜಾತ್ರೆಯಲ್ಲಿ, ಸುತ್ತಲಿನ ಊರುಗಳ ಉರುಸುಗಳಲ್ಲಿ ಕುಸ್ತಿ ಹಿಡಿದವನು. ಓದಿನಲ್ಲಿ ಬಿದ್ದರೇನು, ಅಜ್ಜನ ರಕ್ತ ಮೈಯಲ್ಲಿದೆ, ಇಲ್ಲಾದರೂ ನಾಲ್ಕು ಜನರನ್ನು ಕೆಡವೋಣ ಎಂಬ ಹಂಚಿಕೆ ನನ್ನದು. ಅಲ್ಲಿ ಹೋಗಿ ನೋಡಿದರೆ ಮೊದಲ ಮೂರು ವಾರ ಕೆಡವುವ ಮಾತೇ ಇಲ್ಲ. ಬೀಳುವುದನ್ನೇ ಕಲಿಸಿದರು. ಮುಂದೆ ಬೀಳುವುದು, ಹಿಂದೆ ಬೀಳುವುದು, ಪಕ್ಕಕ್ಕೆ ಬೀಳುವುದು. ಗದ್ದ ಎದೆಗೆ ಒತ್ತಿಕೊಂಡು, ಅಂಗೈಯಿಂದ ಚಾಪೆಗೆ ಬಡಿದು, ತಲೆಗೆ ಪೆಟ್ಟಾಗದಂತೆ ಬೀಳುವುದು. ಇಪ್ಪತ್ತು ವರ್ಷದವನಿಗೆ ಬೀಳುವ ಪಾಠ!

ಜೂಡೋವನ್ನು ಕಟ್ಟಿದವರು ಜಪಾನಿನ ಜಿಗೊರೊ ಕಾನೊ. ಅವರು ಪೈಲ್ವಾನರಾಗಿರಲಿಲ್ಲ, ಶಾಲಾ ಮಾಸ್ತರರು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿದ ಸಣ್ಣ ಆಳು. ಹಳೆಯ ಜುಜುತ್ಸು ವಿದ್ಯೆಯಿಂದ ಅಪಾಯದ ಪಟ್ಟುಗಳನ್ನು ಬೇರ್ಪಡಿಸಿ, 1882ರಲ್ಲಿ ಒಂದು ಬೌದ್ಧ ದೇವಾಲಯದ ಹನ್ನೆರಡು ಚಾಪೆಗಳ ಕೋಣೆಯಲ್ಲಿ, ಬೆರಳೆಣಿಕೆಯ ಶಿಷ್ಯರೊಂದಿಗೆ ಪಾಠ ಆರಂಭಿಸಿದರು. ನಮ್ಮ ಕ್ಲಬ್ಬಿನವರು ಚಾಪೆ ಸಾಲದು ಎನ್ನುವಾಗ ನನಗೆ ಈ ಹನ್ನೆರಡು ಚಾಪೆ ನೆನಪಾಗುತ್ತವೆ. ಎದುರಾಳಿಗೂ ತನಗೂ ಇಬ್ಬರಿಗೂ ಹಿತವಾಗಬೇಕು ಎಂಬುದು ಅವರ ಎರಡು ಮುಖ್ಯ ಸೂತ್ರಗಳಲ್ಲಿ ಒಂದು.

ಶನಿವಾರ ನಮ್ಮಲ್ಲಿ ನಿಂತು ಆಡುವುದಿಲ್ಲ. ಇಬ್ಬರೂ ಮೊಣಕಾಲೂರಿ ಶುರುಮಾಡಿ ನೆಲದ ಮೇಲೇ ಆಡಬೇಕು. ಇದಕ್ಕೆ ಜಪಾನೀ ಭಾಷೆಯಲ್ಲಿ ನೆ-ವಾಜಾ ಎನ್ನುತ್ತಾರೆ. ನಾನು ನೆಲದಾಟ ಎನ್ನುತ್ತೇನೆ. ಎದುರಾಳಿಯನ್ನು ಬೆನ್ನ ಮೇಲೆ ಒತ್ತಿ 20 ಸೆಕೆಂಡು ಹಿಡಿದರೆ ಗೆಲುವು. ಮೊಣಕೈ ಕೀಲನ್ನು ನೀಟಿ ಹಿಡಿದರೆ, ಇಲ್ಲವೇ ಅಂಗಿಯ ಕಾಲರಿನಿಂದ ಕತ್ತು ಬಿಗಿದು ಸೋಲೊಪ್ಪಿಸಿದರೆ ಗೆಲುವು. ಒಂದು ಪಟ್ಟಿನ ಹೆಸರು ಕೆಸಾ-ಗತಾಮೆ. ಕೆಸಾ ಎಂದರೆ ಬೌದ್ಧ ಭಿಕ್ಷು ಭುಜದಿಂದ ಅಡ್ಡಲಾಗಿ ಹೊದೆಯುವ ಬಟ್ಟೆ. ನಮ್ಮ ಕಾಷಾಯವೇ ಅಲ್ಲಿಗೆ ಹೋಗಿ ಕೆಸಾ ಆಗಿದೆ. ಆ ಹೆಸರಿನ ಶಾಂತಿ ಕೆಳಗೆ ಸಿಕ್ಕವನಿಗೆ ಇರುವುದಿಲ್ಲ. ಕೆಳಗಿನಿಂದ ತಪ್ಪಿಸಿಕೊಳ್ಳಲು ಸೊಂಟ ಮಡಿಸಿ ಹಿಂದಕ್ಕೆ ಜಾರುವ ಒಂದು ಚಲನೆ ಇದೆ. ಅದಕ್ಕೆ ಸೀಗಡಿಯ ಹೆಸರು. ಜತ್ತದ ಬರದ ಸೀಮೆಯಲ್ಲಿ ಬೆಳೆದ ನಾನು ಸೀಗಡಿ ಕಂಡವನೇ ಅಲ್ಲ. ಆದರೆ ಆ ಚಾಪೆಯ ಉದ್ದಗಲಕ್ಕೂ ಸೀಗಡಿಯಾಗಿ ಜಾರಿದ್ದೇನೆ.

ಅಜ್ಜನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಆತ ನಕ್ಕುಬಿಟ್ಟ. "ಬೆನ್ನಿಗೆ ಮಣ್ಣ ಹತ್ತಿದ ಮ್ಯಾಲೆ ಇನ್ನೇನ ಕುಸ್ತಿ ತಮ್ಮಾ? ಮಲಗಿಕೊಂಡು ಆಡೂದು ಆಟೇನ?" ಅಜ್ಜನ ಪ್ರಕಾರ ನೆಲ ಹಿಡಿದು ಕೂತವನು ಹೇಡಿ. ಅದಕ್ಕೆ ಆತ ಹೇಳುವ ದೃಷ್ಟಾಂತ ಗಾಮಾ ಪೈಲ್ವಾನನದು. 1910ರಲ್ಲಿ ಲಂಡನ್ನಿನಲ್ಲಿ ಗಾಮಾನ ಎದುರು ಬಂದ ಪೋಲೆಂಡಿನ ಝ್ಬಿಸ್ಕೊ, ಇವನ ಪಟ್ಟಿಗೆ ಹೆದರಿ ನೆಲಕ್ಕೆ ಅಂಟಿಕೊಂಡು ಎರಡೂವರೆ ಗಂಟೆಗೂ ಮಿಕ್ಕಿ ಕಳೆದುಬಿಟ್ಟ. ಕುಸ್ತಿ ನಿಕಾಲಿ ಆಗಲೇ ಇಲ್ಲ. ಮತ್ತೆ 1928ರಲ್ಲಿ ಪಟಿಯಾಲಾದಲ್ಲಿ ಅದೇ ಝ್ಬಿಸ್ಕೊನನ್ನು ಗಾಮಾ ಒಂದು ನಿಮಿಷದೊಳಗೆ ಚಿತ್ ಮಾಡಿದ. ಇದನ್ನು ಹೇಳುವಾಗ ಅಜ್ಜ ಈಗಲೂ ತೊಡೆ ತಟ್ಟುತ್ತಾನೆ.

ಅಜ್ಜನ ಲೆಕ್ಕ ಕುಸ್ತಿಗೆ ಸರಿ. ರಭಸದಿಂದ ಬೆನ್ನ ಮೇಲೆ ಎಸೆಸಿಕೊಂಡರೆ ಜೂಡೋದಲ್ಲೂ ಆಟ ಮುಗಿದಂತೆಯೇ. ಆದರೆ ಅರೆಬರೆ ಬಿದ್ದರೆ ಆಟ ನೆಲದ ಮೇಲೆ ಮುಂದುವರಿಯುತ್ತದೆ. ಕೆಳಗಿದ್ದವನಿಗೂ ಎರಡು ಕಾಲು, ಒಂದು ಸೊಂಟ ಇರುತ್ತವೆ. ಮೇಲಿದ್ದವನ ನಡುವಿಗೆ ಕಾಲು ಸುತ್ತಿ ಅವನನ್ನು ದೂರ ಹಿಡಿಯಬಹುದು, ಹೊರಳಿಸಬಹುದು, ಕೆಳಗಿನಿಂದಲೇ ಕೈ ಹಿಡಿದು ಸೋಲಿಸಬಹುದು. ಎಸೆತ ಕೈಗೂಡಲು ವರ್ಷಗಳು ಬೇಕು. ನೆಲದಾಟ ತಡವಾಗಿ ಶುರುಮಾಡಿದವನಿಗೂ ದಕ್ಕುತ್ತದೆ. 1914ರಿಂದ ಕ್ಯೋಟೋ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆದ ವಿದ್ಯಾರ್ಥಿಗಳ ಪಂದ್ಯಗಳಲ್ಲಿ ಈ ನೆಲದಾಟವೇ ಮುಂದಾಯಿತು. ಅದೇ 1914ರಲ್ಲಿ ಬ್ರೆಜಿಲ್ ಮುಟ್ಟಿದ ಮಾಏದಾ ಎಂಬ ಜೂಡೋಪಟು ಕಲಿಸಿದ ವಿದ್ಯೆಯನ್ನು ಗ್ರೇಸಿ ಮನೆತನದವರು ಬೆಳೆಸಿದರು. ಇಂದು ಜಗತ್ತೆಲ್ಲ ಬ್ರೆಜಿಲಿನ ಜುಜುತ್ಸು ಎಂದು ಕಲಿಯುವುದು ಅದನ್ನೇ. ಕ್ಯೋಟೋದ ಮಟ್ಟಿಗೆ ಹೇಳುವುದಾದರೆ ಇದು ವಿದ್ಯಾರ್ಥಿಗಳೇ ಬೆಳೆಸಿದ ಆಟ.

ಇಷ್ಟು ಪೀಠಿಕೆ ಸಾಕು. ನಾನು ಹೇಳಬೇಕಾದದ್ದು ಕೈ ತಟ್ಟುವ ವಿಷಯ.

ನೆಲದಾಟದಲ್ಲಿ ಕೈ ಸಿಕ್ಕಿಕೊಂಡಾಗ, ಕತ್ತು ಬಿಗಿದಾಗ, ಎದುರಾಳಿಯ ಮೈಯನ್ನೋ ಚಾಪೆಯನ್ನೋ ಎರಡು ಸಲ ತಟ್ಟಬೇಕು. ಕೈ ಬಿಡುವಿಲ್ಲದಿದ್ದರೆ ಬಾಯಿಂದ "ಮೈತ್ತಾ" ಎನ್ನಬೇಕು. ಸೋತೆ ಎಂದರ್ಥ. ತಟ್ಟಿದ ಕ್ಷಣವೇ ಹಿಡಿದವರು ಬಿಟ್ಟುಬಿಡಬೇಕು. ಇಬ್ಬರೂ ಎದ್ದು, ಬಾಗಿ ನಮಸ್ಕರಿಸಿ ಮತ್ತೆ ಶುರು. ಒಂದು ಸಂಜೆಗೆ ಹತ್ತು ಸಲ ತಟ್ಟಿದರೂ ಯಾರೂ ಲೆಕ್ಕ ಇಡುವುದಿಲ್ಲ.

ನಾನು ಮಾತ್ರ ತಟ್ಟುತ್ತಿರಲಿಲ್ಲ. ಪೈಲ್ವಾನನ ಮೊಮ್ಮಗ ಹೇಗೆ ತಟ್ಟಿಯಾನು? ಒಂದು ಶನಿವಾರ ಸೈನ್ಸಿನ ಎರಡನೆಯ ವರ್ಷದ ಹುಡುಗಿಯೊಬ್ಬಳ ಜೊತೆ ನನ್ನ ಪಾಳಿ ಬಂತು. ನನಗಿಂತ ಹತ್ತು ಕಿಲೋ ಹಗುರ. ಎರಡು ನಿಮಿಷದೊಳಗೆ ನನ್ನ ಬಲಗೈ ಅವಳ ಎರಡು ತೊಡೆಗಳ ನಡುವೆ ಸಿಕ್ಕಿ ನೆಟ್ಟಗಾಯಿತು. ಹುಡುಗಿಗೆ ಸೋಲುವುದೇ! ಹಲ್ಲು ಕಚ್ಚಿಕೊಂಡೆ. ಅವಳು ನಿಧಾನವಾಗಿ ಒತ್ತುತ್ತ ಹೋದಳು, ನಾನು ಸುಮ್ಮನಿದ್ದೆ. ಮೊಣಕೈಯೊಳಗೆ ಏನೋ ಚಟ್ ಎಂದಿತು. ಆಗ ಅರಚಿದೆ. ಅವಳು ಬೆಚ್ಚಿ ಕೈಬಿಟ್ಟು ಅಳುವ ಹಾಗಾದಳು. ಆಮೇಲೆ ಮರಾಠಿಯಲ್ಲಿ ಅವಳು ಹೇಳಿದ್ದು ಇಷ್ಟು: "ನೀನು ಹೇಳದಿದ್ದರೆ ನಿನಗೆ ನೋಯುತ್ತಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಐದು ವಾರ ಕೈ ಜೋಳಿಗೆಯಲ್ಲಿತ್ತು. ಇಂಟರ್ನಲ್ ಪರೀಕ್ಷೆ ಬರೆಯಲಾಗಲಿಲ್ಲ. ಮನೆಯಲ್ಲಿ ಕಾಕೂ ಊಟಕ್ಕೆ ಚಮಚ ಕೊಟ್ಟಳು. ಆ ಐದು ವಾರ ನನಗೆ ಆ ಹುಡುಗಿಯ ಮಾತೇ ತಲೆಯಲ್ಲಿ. ನಾನು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ವರ್ಷವಿಡೀ ಕ್ಲಾಸಿನಲ್ಲಿ ನಾನು ಮಾಡಿದ್ದೂ ಇದನ್ನೇ ತಾನೆ? ತಿಳಿಯದಿದ್ದರೂ ತಿಳಿದವನಂತೆ ತಲೆ ಅಲ್ಲಾಡಿಸಿ, ಕೈ ತಟ್ಟದೆ, ಕೊನೆಗೆ ಎರಡು ಪೇಪರು ಮುರಿದುಕೊಂಡದ್ದು.

ಕೈ ನೆಟ್ಟಗಾದ ಮೇಲೆ ಒಂದು ದಿನ ಲೆಕ್ಕಶಾಸ್ತ್ರದ ಕ್ಲಾಸಿನಲ್ಲಿ ಎದ್ದು ನಿಂತೆ. ಅರ್ಧ ಇಂಗ್ಲಿಷು, ಅರ್ಧ ಮರಾಠಿ: "ಸರ್, ತಿಳಿಯಲಿಲ್ಲ. ಇನ್ನೊಮ್ಮೆ." ಹಿಂದಿನ ಬೆಂಚಿನಿಂದ ನಗು ಬಂತು. ಸರ್ ಒಂದು ಕ್ಷಣ ನನ್ನನ್ನು ನೋಡಿ ಬೋರ್ಡ್ ಒರೆಸಿ ಮತ್ತೆ ಮೊದಲಿನಿಂದ ಹೇಳಿದರು, ಈ ಸಲ ನಿಧಾನವಾಗಿ. ಕ್ಲಾಸು ಬಿಟ್ಟ ಮೇಲೆ ನಾಲ್ಕು ಜನ ನನ್ನ ಹತ್ತಿರ ಬಂದರು. ಎಲ್ಲರೂ ಮರಾಠಿ ಮಾಧ್ಯಮದಲ್ಲಿ ಓದಿದ ಹುಡುಗರು. "ಬರೇ ಝಾಲೆ ತೂ ವಿಚಾರಲೆಸ್" ಎಂದ ಒಬ್ಬ, ನೀ ಕೇಳಿದ್ದು ಒಳ್ಳೇದಾಯಿತು ಅಂತ. ಅವರಿಗೂ ತಿಳಿದಿರಲಿಲ್ಲ! ಕನ್ನಡದವನೆಂದು ನಾನೊಬ್ಬನೇ ಕೆಳಗೆ ಸಿಕ್ಕಿದ್ದೇನೆ ಎಂದುಕೊಂಡಿದ್ದೆ. ನೋಡಿದರೆ ಅರ್ಧ ಕ್ಲಾಸೇ ಅಲ್ಲಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪ-ಅವ್ವನಿಗೆ ಎ.ಟಿ.ಕೆ.ಟಿ. ವಿಷಯ ನಿಜ ಹೇಳಿದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಅಜ್ಜ ಮಾತ್ರ ರಾತ್ರಿ ಅಂಗಳದಲ್ಲಿ ಕೂತು "ತೋರಸ ನೋಡೂಣು, ಅದೇನ ಮಲಗಿ ಆಡೂದು" ಎಂದ. ತಮ್ಮನನ್ನು ಮೇಲೆ ಕೂಡಿಸಿಕೊಂಡು, ಸೊಂಟ ಜಾರಿಸಿ, ಕಾಲು ಸುತ್ತಿ, ಹೊರಳಿಸಿ ತೋರಿಸಿದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆತ ಇಪ್ಪತ್ತನಾಲ್ಕಕ್ಕೇ ಕುಸ್ತಿ ಬಿಟ್ಟದ್ದು ನಮಗೆ ಗೊತ್ತು. ಯಾಕೆ ಬಿಟ್ಟ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಂದು ತಾನೇ ಹೇಳಿದ.

"ಗರಡಿಯೊಳಗ ದಿನಾ ಐವತ್ತ ಸಲ ಬೀಳತಿದ್ದೆ. ಅಲ್ಲಿ ಯಾರೂ ನಗತಿದ್ದಿಲ್ಲ. ಉಸ್ತಾದ ಎಬ್ಬಿಸಿ ಮತ್ತ ಜೋಡ ಹಚ್ಚತಿದ್ದ. ಜಾತ್ರ್ಯಾಗ, ನಮ್ಮೂರ ಮಂದಿ ಮುಂದ, ಒಂದs ಸಲ ಬಿದ್ದೆ. ಮರದಿವಸ ಗರಡಿಗೆ ಹೋಗಬೇಕಾಗಿತ್ತ ನಾ. ಹೋಗಲಿಲ್ಲ. ಬಿದ್ದದ್ದು ತಪ್ಪಲ್ಲ ತಮ್ಮಾ, ಹೋಗದಿದ್ದದ್ದು ತಪ್ಪು."

ಮಿತ್ರರೆ, ನನ್ನ ಅಭಿಪ್ರಾಯವೆಲ್ಲ ಅಜ್ಜನ ಈ ಮಾತಿನಲ್ಲಿದೆ. ಗರಡಿ ಬೇರೆ, ಜಾತ್ರೆ ಬೇರೆ. ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಗರಡಿಯ ಮಣ್ಣು ಬೀಳಲಿಕ್ಕೆಂದೇ ಇರುವುದು. ಅಲ್ಲಿ ಸೋತವನು ಕಲಿಯುತ್ತಾನೆ. ಜಾತ್ರೆಯ ಕಣದಲ್ಲಿ ಸೋತವನು ಸೋತನಷ್ಟೆ. ನಮ್ಮ ಕಾಲೇಜುಗಳಲ್ಲಿ ಜಾತ್ರೆಗಳು ಬೇಕಾದಷ್ಟಿವೆ. ಪರೀಕ್ಷೆ ಒಂದು ಜಾತ್ರೆ, ಸೆಮಿನಾರು ಒಂದು ಜಾತ್ರೆ, ಸ್ನೇಹಸಮ್ಮೇಳನ ಒಂದು ಜಾತ್ರೆ, ಕೆಲಸದ ಇಂಟರ್‌ವ್ಯೂ ಎಲ್ಲಕ್ಕಿಂತ ದೊಡ್ಡ ಜಾತ್ರೆ. ಗರಡಿ ಎಲ್ಲಿದೆ? ತಪ್ಪು ಇಂಗ್ಲಿಷು ಮಾತಾಡಿ, ತಪ್ಪು ಲೆಕ್ಕ ಮಾಡಿ, ಯಾರೂ ನಗದಂತೆ ಮತ್ತೆ ಮಾಡುವ ಜಾಗ ಎಲ್ಲಿದೆ? ನನಗೆ ಸಿಕ್ಕದ್ದು ಆ ಚಾಪೆ ಒಂದೇ. ಅದನ್ನೂ ಈಗ ಜಾತ್ರೆಯ ಪೈಲ್ವಾನರಿಗಷ್ಟೇ ಮೀಸಲು ಎಂದರೆ ಹೇಗೆ?

ಇದಕ್ಕೆ ಎರಡು ಆಕ್ಷೇಪಣೆ ಕೇಳಿದ್ದೇನೆ. ಒಂದು ನಮ್ಮ ಬಳಗದ ಗೆಳೆಯನದೇ: "ನಮ್ಮ ಗರಡಿ ಇರುವಾಗ ಜಪಾನಿನ ಆಟ ಯಾಕೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಅಧ್ಯಾಯ ಬರೆದಿದ್ದಾನೆ." ಬರೆದಿದ್ದಾನೆ, ಹೆಮ್ಮೆಯೇ. ಗರಡಿಯೂ ಇರಲಿ. ಆದರೆ ನಮ್ಮೂರ ಗರಡಿಯ ಹೊಸ್ತಿಲನ್ನು ಇವತ್ತಿಗೂ ಒಬ್ಬ ಹುಡುಗಿ ದಾಟಿಲ್ಲ. ಚಾಪೆಯ ಮೇಲೆ ಹುಡುಗಿಯರಿದ್ದಾರೆ. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ ಜೂಡೋದಲ್ಲಿ ಪಳಗಿ, ಅದರ ಹತ್ತಿರದ ಕುರಾಶ್ ಆಟದಲ್ಲಿ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕಂಚು ತಂದಳು. ನನ್ನ ಮೊಣಕೈಗೆ ಬುದ್ಧಿ ಕಲಿಸಿದವಳೂ ಹುಡುಗಿಯೇ.

ಇನ್ನೊಂದು ಆಕ್ಷೇಪಣೆ ಕ್ರೀಡಾ ಕ್ಲಬ್ಬಿನದು: ಪದಕ ಬೇಡವೇ? ಬೇಕು. ಆದರೆ ಪದಕ ಹೇಗೆ ಬರುತ್ತದೆ ಎಂದು ಸ್ವಲ್ಪ ನೋಡಿ. ಕರಾಡದ ಬಳಿಯ ಖಾಶಾಬಾ ಜಾಧವ ಮಣ್ಣಿನ ಕುಸ್ತಿಯಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಚಾಪೆಯ ಮೇಲೆ ಆಡಿ ಆರನೆಯವರಾಗಿ ಬಂದರು. ಅಂದರೆ ಪದಕವಿಲ್ಲ. 1952ರಲ್ಲಿ ಮತ್ತೆ ಹೊರಟಾಗ ದುಡ್ಡಿಲ್ಲ. ಆಗ ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಹೆಲ್ಸಿಂಕಿಯಿಂದ ಜಾಧವರು ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕ ಅದು. ಒಮ್ಮೆ ಪದಕವಿಲ್ಲದೆ ಬಂದವನ ಮೇಲೆ ಒಬ್ಬ ಮೇಷ್ಟರು ಮನೆಯನ್ನೇ ಇಟ್ಟರು. ನಾವು ಕೇಳುತ್ತಿರುವುದು ವಾರಕ್ಕೊಂದು ಸಂಜೆ ಚಾಪೆ.

ಹಾಗೆಂದು ಕೈ ತಟ್ಟುವುದೇ ದೊಡ್ಡ ವಿದ್ಯೆ ಎಂದು ನಾನು ಹೇಳುತ್ತಿಲ್ಲ. ಮೈಮೇಲೆ ಭಾರ ಬಿತ್ತೆಂದು ತಟ್ಟಬಾರದು. ಭಾರವಾದಾಗ ಸೊಂಟ ಜಾರಿಸಬೇಕು, ಉಸಿರು ಹಿಡಿಯಬೇಕು, ಸಂದು ಹುಡುಕಬೇಕು. ಕೀಲು ಮುರಿಯುವ ಹೊತ್ತಿಗೆ ಮಾತ್ರ ತಟ್ಟಬೇಕು. ಇಂಗ್ಲಿಷು ಭಾರ, ಅದಕ್ಕೆ ಹೆದರಿ ಕಾಲೇಜು ಬಿಟ್ಟು ಊರಿಗೆ ಹೋಗಬೇಡಿ. ತಿಳಿಯದ್ದನ್ನು ತಿಳಿದಂತೆ ನಟಿಸುವುದು ಕೀಲು ಮುರಿದುಕೊಳ್ಳುವುದು, ಅಲ್ಲಿ ತಟ್ಟಿ. ಎರಡರ ವ್ಯತ್ಯಾಸ ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಮೈಯಿಂದ ತಿಳಿಯಿತು. ಉಳಿದ ಎರಡು ಪೇಪರಿನಲ್ಲಿ ಒಂದು ಪಾಸಾಗಿದೆ. ಇನ್ನೊಂದು ಬರುವ ಏಪ್ರಿಲಿಗೆ.

ನನ್ನ ಸಲಹೆ ಸರಳ. ಆಯ್ಕೆಯಾದವರಿಗೆ ವಾರದಲ್ಲಿ ಎರಡು ಸಂಜೆ ಇರಲಿ. ಶನಿವಾರ ಎಲ್ಲರಿಗೂ ತೆರೆದಿರಲಿ. ಹೀಗೆ ಕೇಳಿ ಒಂದು ಅರ್ಜಿ ಬರೆದಿದ್ದೇವೆ. ಲೈಬ್ರರಿಯಲ್ಲಿ ನಮ್ಮ ಬಳಗದ ಮೇಜಿನ ಮೇಲಿದೆ. ಇಲ್ಲಿಯವರೆಗೆ ಹತ್ತೊಂಬತ್ತು ಸಹಿ ಆಗಿವೆ. ಮೊದಲನೆಯದು ಆ ಸೈನ್ಸಿನ ಹುಡುಗಿಯದು. ಅವಳು ಆಯ್ಕೆಯಾದವಳು, ಅವಳಿಗೆ ಇದರ ಅಗತ್ಯವಿರಲಿಲ್ಲ. ಸಹಿ ಹಾಕುವ ಮೊದಲು ನೋಡಬೇಕೆನ್ನುವವರು ಶನಿವಾರ ಐದು ಗಂಟೆಗೆ ಬನ್ನಿ. ಮೊದಲ ದಿನ ಬೀಳುವುದನ್ನಷ್ಟೇ ಕಲಿಸುತ್ತಾರೆ.